ಅಪರಾಧದಿಂದ ನೊಂದವರಿಗೆ ಸರ್ಕಾರದ ಪರಿಹಾರ: ಕಾಸರಗೋಡಿನ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ಹೊಡೆದಾಟದಲ್ಲಿ ಕೈ ಮುರಿದುಕೊಂಡವರು, ದುಡಿಯುವ ಮಗನನ್ನು ಕೊಲೆಯಲ್ಲಿ ಕಳೆದುಕೊಂಡವರು, ಮಗಳ ಮೇಲೆ ನಡೆದ ದೌರ್ಜನ್ಯವನ್ನು ನುಂಗಿಕೊಂಡು ಕೂತವರು, ಇವರಲ್ಲಿ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಮಾತು: "ಕೇಸು ಮುಗಿಯಲಿ, ಆಮೇಲೆ ನೋಡೋಣ." ಕೇಸು ಮುಗಿಯಲು ವರ್ಷಗಟ್ಟಲೆ ಬೇಕು. ಆಸ್ಪತ್ರೆಯವರು ಅಷ್ಟು ದಿನ ಕಾಯುವುದಿಲ್ಲ, ಸಾಲ ಕೊಟ್ಟವರೂ ಕಾಯುವುದಿಲ್ಲ.

ಮೊದಲು ಒಂದು ವಿಷಯ ತಲೆಯಲ್ಲಿಟ್ಟುಕೊಳ್ಳಿ. ಆರೋಪಿಗೆ ಶಿಕ್ಷೆ ಆಗುವುದು ಒಂದು ದಾರಿ. ನೊಂದವರಿಗೆ ಹಣ ಸಿಗುವುದು ಇನ್ನೊಂದು ದಾರಿ. ಈ ಹಣ ಬರುವುದು ಆರೋಪಿಯ ಜೇಬಿನಿಂದ ಅಲ್ಲ, ಸರ್ಕಾರದ ನಿಧಿಯಿಂದ. ಹಾಗಾಗಿ ಆರೋಪಿ ಓಡಿಹೋಗಿದ್ದರೂ, ಯಾರೆಂದು ಗೊತ್ತೇ ಆಗದಿದ್ದರೂ, ಕೋರ್ಟಿನಲ್ಲಿ ಬಿಡುಗಡೆಯಾದರೂ ಪರಿಹಾರದ ಬಾಗಿಲು ಮುಚ್ಚುವುದಿಲ್ಲ.

ಕಾನೂನಿನಲ್ಲಿ ಇದು ಎಲ್ಲಿದೆ

ಹಳೆಯ ಕ್ರಿಮಿನಲ್ ಪ್ರೊಸೀಜರ್ ಕೋಡಿಗೆ 357ಎ ಅಂತ ಒಂದು ಸೆಕ್ಷನ್ ಸೇರಿಸಿದರು. ಅದು 2009ರ ಡಿಸೆಂಬರ್ 31ರಿಂದ ಜಾರಿಗೆ ಬಂತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರಲ್ಲಿ ಇದೇ ವಿಷಯ 396ನೇ ಸೆಕ್ಷನ್‌ನಲ್ಲಿದೆ. ಪ್ರತಿ ರಾಜ್ಯವೂ ಇದಕ್ಕೆ ತನ್ನದೇ ಯೋಜನೆ ಮಾಡಿಕೊಳ್ಳಬೇಕು. ಕೇರಳದ ಯೋಜನೆ 2014ರಲ್ಲಿ ಬಂತು, ಆಮೇಲೆ ಬದಲಾವಣೆಗಳಾದವು.

ಕೇರಳದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳಬೇಕು. 2014ರ ನವೆಂಬರ್‌ನಲ್ಲಿ ಸುರೇಶ್ ವಿರುದ್ಧ ಹರಿಯಾಣ ಸರ್ಕಾರ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ರಾಜ್ಯಗಳ ಪರಿಹಾರದ ಮೊತ್ತ ನೋಡಿತು. ಕೆಲವು ಕಡೆ ಅದು ತೀರಾ ಕಡಿಮೆ ಇತ್ತು. ಆಗ ಕೋರ್ಟ್, ನಿಮ್ಮ ರಾಜ್ಯದಲ್ಲಿ ಇದಕ್ಕಿಂತ ಹೆಚ್ಚು ಇಲ್ಲದಿದ್ದರೆ ಕೇರಳದ ದರವನ್ನೇ ಅನುಸರಿಸಿ ಎಂದಿತು. ನಮ್ಮ ರಾಜ್ಯದ ದರ ದೇಶಕ್ಕೆ ಮಾದರಿಯಾದ ಮೇಲೂ ನಮ್ಮೂರಿನವರು ಅರ್ಜಿ ಹಾಕದೆ ಕೂತರೆ ಹೇಗೆ ಅಲ್ವಾ?

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. ಎಂಡೋಸಲ್ಫಾನ್ ಪರಿಹಾರ ಕಂಡ ಜಿಲ್ಲೆ ನಮ್ಮದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಅಲ್ಲಿ ಮೆಡಿಕಲ್ ಕ್ಯಾಂಪ್, ಪಟ್ಟಿ, ಪಟ್ಟಿಯಲ್ಲಿ ಹೆಸರು ಇದೆಯೇ ಇಲ್ಲವೇ ಎಂಬ ಜಗಳ ಎಲ್ಲ ಇತ್ತು. ಅದನ್ನು ನೋಡಿದವರು ಈ ಪರಿಹಾರಕ್ಕೂ ಎಲ್ಲೋ ಒಂದು ಪಟ್ಟಿ ಮಾಡುತ್ತಾರೆ, ಪಂಚಾಯತ್ ಮೆಂಬರ್ ಹೆಸರು ಸೇರಿಸಬೇಕು ಅಂದುಕೊಳ್ಳುತ್ತಾರೆ. ಇಲ್ಲಿ ಪಟ್ಟಿ ಇಲ್ಲ. ಅರ್ಜಿ ಮಾತ್ರ. ಅದನ್ನು ಹಾಕಬೇಕಾದವರು ನೀವು.

ಯಾರಿಗೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ

ಅಪರಾಧದಿಂದ ದೇಹಕ್ಕೋ ಮನಸ್ಸಿಗೋ ಪೆಟ್ಟು ಬಿದ್ದವರು, ಅಥವಾ ಸತ್ತವರ ಅವಲಂಬಿತರು ಕೇಳಬಹುದು. ಕೊಲೆ, ಕೊಲೆ ಯತ್ನ, ಗಂಭೀರ ಗಾಯ, ಅತ್ಯಾಚಾರ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ, ಆಸಿಡ್ ದಾಳಿ, ಬೆಂಕಿ ಹಚ್ಚಿದ ಪ್ರಕರಣ, ಮಾನವ ಸಾಗಣೆ ಇವೆಲ್ಲ ಬರುತ್ತವೆ. ಬಡವರಿಗೆ ಮಾತ್ರ ಎಂಬ ಷರತ್ತಿಲ್ಲ. ಆದರೆ ಮೊತ್ತ ನಿರ್ಧರಿಸುವಾಗ ಮನೆಯ ಸ್ಥಿತಿ ನೋಡುತ್ತಾರೆ. ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರಿಗೂ ಹಕ್ಕಿದೆ. ನಿಮ್ಮ ತೋಟದಲ್ಲಿ, ಕಲ್ಲಿನ ಕೋರೆಯಲ್ಲಿ ಅಂಥವರಿದ್ದರೆ ಅವರಿಗೂ ಹೇಳಿ.

ಕಳ್ಳತನ, ಚಿಟ್ ಫಂಡ್ ಮೋಸ, ಮೊಬೈಲ್‌ನಲ್ಲಿ ಹಣ ಹೋದದ್ದು ಇದಕ್ಕೆಲ್ಲ ಈ ಯೋಜನೆ ಅಲ್ಲ. ಆನ್‌ಲೈನ್ ಮೋಸವಾದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಹಂತ 1: ಆಸ್ಪತ್ರೆಯಲ್ಲಿ ನಿಜ ಹೇಳಿ

ಪರಿಹಾರದ ಕಾಗದ ಶುರುವಾಗುವುದು ವಕೀಲರ ಆಫೀಸಿನಲ್ಲಿ ಅಲ್ಲ, ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ. ಇಡೀ ಮಾರ್ಗದರ್ಶಿಯಲ್ಲಿ ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ಕೇರಳದ ಆಸ್ಪತ್ರೆಗಳಲ್ಲಿ ಗಾಯದ ಕೇಸು ಬಂದರೆ ಡ್ಯೂಟಿ ಡಾಕ್ಟರು ಆಕ್ಸಿಡೆಂಟ್ ರಿಜಿಸ್ಟರ್ ಕಮ್ ವೂಂಡ್ ಸರ್ಟಿಫಿಕೇಟ್ ಎಂಬ ದಾಖಲೆ ಬರೆಯುತ್ತಾರೆ. ಹೆಸರಿನಲ್ಲಿ ಆಕ್ಸಿಡೆಂಟ್ ಅಂತ ಇದ್ದರೂ ಹೊಡೆತದ ಕೇಸಿಗೂ ಅದೇ ಕಾಗದ. ಅದರಲ್ಲಿ "ಗಾಯ ಹೇಗಾಯಿತು" ಎಂಬ ಒಂದು ಸಾಲಿದೆ. ನೀವು ಏನು ಹೇಳುತ್ತೀರೋ ಡಾಕ್ಟರು ಅದನ್ನೇ ಬರೆಯುತ್ತಾರೆ.

ಇಲ್ಲೇ ಎಡವಟ್ಟಾಗುವುದು. ಗಂಡ ಹೊಡೆದಿರುತ್ತಾನೆ, ಹೆಂಡತಿ "ಜಾರಿ ಬಿದ್ದೆ" ಅನ್ನುತ್ತಾಳೆ. ಪಕ್ಕದ ಮನೆಯವರು ಕತ್ತಿ ಬೀಸಿರುತ್ತಾರೆ, ಜೊತೆಗೆ ಬಂದ ಹಿರಿಯರು "ಸುಮ್ನೆ ಕೇಸು ಯಾಕೆ" ಅಂತ "ಹುಲ್ಲು ಕೊಯ್ಯುವಾಗ ಆಯಿತು" ಎಂದು ಬರೆಸುತ್ತಾರೆ. ನಾಲ್ಕು ದಿನ ಕಳೆದು ಮನಸ್ಸು ಬದಲಾಗಿ ದೂರು ಕೊಟ್ಟರೆ ಆ ಒಂದು ಸಾಲು ಎದುರು ಪಕ್ಷದ ವಕೀಲರಿಗೆ ಹಬ್ಬ. ಪರಿಹಾರದ ವಿಚಾರಣೆಯಲ್ಲೂ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಯಾರು, ಯಾವುದರಿಂದ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ. ಮಲಯಾಳ ಬಾರದಿದ್ದರೆ ಕನ್ನಡದಲ್ಲೋ ತುಳುವಿನಲ್ಲೋ ಹೇಳಿ, ಅರ್ಥವಾಗುವ ಒಬ್ಬ ನರ್ಸನ್ನು ಕರೆಸಿ. ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೂ ಮಂಗಲ್ಪಾಡಿ ಕಡೆಯ ಆಸ್ಪತ್ರೆಗಳಲ್ಲೂ ಅಂಥವರು ಸಿಗುತ್ತಾರೆ.

ನಮ್ಮಲ್ಲಿ ದೊಡ್ಡ ಗಾಯವಾದರೆ ಗಾಡಿ ನೇರ ಮಂಗಳೂರಿಗೆ ಹೋಗುತ್ತದೆ. ಅದರಲ್ಲಿ ತಪ್ಪಿಲ್ಲ, ಜೀವ ಮುಖ್ಯ. ಆದರೆ ತಲಪಾಡಿ ದಾಟಿದ ಮೇಲೆ ಆಸ್ಪತ್ರೆಯ ಸುದ್ದಿ ಹೋಗುವುದು ಅಲ್ಲಿನ ಸ್ಟೇಷನ್ನಿಗೆ. ಅಲ್ಲಿಂದ ಮಂಜೇಶ್ವರಕ್ಕೋ ಕುಂಬಳೆಗೋ ಬರಬೇಕು. ಅದು ತಾನಾಗಿ ಬರುತ್ತದೆ ಅಂತ ಕೂರಬೇಡಿ. ರೋಗಿಯ ಜೊತೆ ಒಬ್ಬರು ಇರಲಿ, ಇನ್ನೊಬ್ಬರು ಅದೇ ದಿನ ಊರಿನ ಸ್ಟೇಷನ್ನಿಗೆ ಹೋಗಲಿ. ಡಿಸ್ಚಾರ್ಜ್ ಆಗುವಾಗ ಎಲ್ಲ ಬಿಲ್ಲುಗಳ ಅಸಲು, ಡಿಸ್ಚಾರ್ಜ್ ಸಮ್ಮರಿ, ಎಕ್ಸ್‌ರೇ ಫಿಲ್ಮು ಕೇಳಿ ಪಡೆಯಿರಿ. ಮೆಡಿಕಲ್ ಶಾಪಿನ ಚೀಟಿಯನ್ನೂ ಬಿಸಾಡಬೇಡಿ. ಬಾಡಿಗೆ ಗಾಡಿಯ ರಸೀದಿಯೂ ಬೇಕು.

ಅತ್ಯಾಚಾರ, ಆಸಿಡ್ ದಾಳಿ ಮತ್ತು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಪ್ರಕರಣಗಳಲ್ಲಿ ಯಾವುದೇ ಆಸ್ಪತ್ರೆ, ಸರ್ಕಾರಿಯೋ ಖಾಸಗಿಯೋ, ತಕ್ಷಣ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಸಂಹಿತೆಯ 397ನೇ ಸೆಕ್ಷನ್ ಹಾಗೆ ಹೇಳುತ್ತದೆ. ಕೊಡದಿದ್ದರೆ ಆಸ್ಪತ್ರೆಯನ್ನು ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು ಆಗಬಹುದು. "ಮೊದಲು ಅಡ್ವಾನ್ಸ್ ಕಟ್ಟಿ" ಅಂದರೆ ಈ ಸೆಕ್ಷನ್ ಹೆಸರು ಹೇಳಿ. ಬೇರೆ ಗಾಯಗಳಿಗೆ, ಸ್ಟೇಷನ್ ಹೌಸ್ ಆಫೀಸರೋ ಮ್ಯಾಜಿಸ್ಟ್ರೇಟರೋ ಪ್ರಮಾಣಪತ್ರ ಕೊಟ್ಟರೆ, ಉಚಿತ ಕಾನೂನು ನೆರವು ಕೊಡುವ ಸರ್ಕಾರಿ ಸಂಸ್ಥೆಯಾದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ಚಿಕಿತ್ಸೆಗೆ ಆದೇಶ ಮಾಡಬಹುದು. ಈ ದಾರಿಯನ್ನು ಬಳಸುವವರು ತೀರಾ ಕಡಿಮೆ.

ಹಂತ 2: ಎಫ್‌ಐಆರ್

ದೂರು ಕೊಟ್ಟ ಮೇಲೆ ಎಫ್‌ಐಆರ್ ಪ್ರತಿ ಉಚಿತವಾಗಿ ನಿಮಗೆ ಸಿಗಬೇಕು. ಹೊಸ ಸಂಹಿತೆಯ 173ನೇ ಸೆಕ್ಷನ್ ದೂರುದಾರರಿಗೆ ಮಾತ್ರ ಅಲ್ಲ, ನೊಂದವರಿಗೂ ಕೊಡಬೇಕು ಅನ್ನುತ್ತದೆ. ಘಟನೆ ಬೇರೆ ಸ್ಟೇಷನ್ ವ್ಯಾಪ್ತಿಯಲ್ಲಿ ಆಗಿದ್ದರೂ ದೂರು ತೆಗೆದುಕೊಳ್ಳಲೇಬೇಕು, ಅದಕ್ಕೆ ಜೀರೋ ಎಫ್‌ಐಆರ್ ಅನ್ನುತ್ತಾರೆ. ಕೇರಳ ಪೊಲೀಸರ ತುಣ ಎಂಬ ಪೋರ್ಟಲ್‌ನಲ್ಲಿ ಎಫ್‌ಐಆರ್ ಇಳಿಸಿಕೊಳ್ಳಬಹುದು. ಆದರೆ ಪೋಕ್ಸೋದಂಥ ಸೂಕ್ಷ್ಮ ಪ್ರಕರಣಗಳು ಅಲ್ಲಿ ಕಾಣುವುದಿಲ್ಲ, ಸ್ಟೇಷನ್ನಿನಿಂದಲೇ ಪಡೆಯಬೇಕು.

ಎಫ್‌ಐಆರ್ ಮಲಯಾಳದಲ್ಲಿ ಇರುತ್ತದೆ. ನಿಮ್ಮ ಹೇಳಿಕೆಯನ್ನು ಓದಿ ಹೇಳಿಸದೆ ಸಹಿ ಹಾಕಬೇಡಿ. ಮುಖ್ಯವಾಗಿ ಗಾಯಗಳ ವಿವರ ಪೂರ್ತಿ ಬಂದಿದೆಯೇ, ಸತ್ತವರ ಕೆಲಸ ಏನು ಅಂತ ಬರೆದಿದ್ದಾರೆಯೇ ನೋಡಿ. ಅಡಿಕೆ ಕೊಯ್ಯುವ ಕೆಲಸದವರನ್ನು "ಕೆಲಸ ಇಲ್ಲ" ಅಂತ ಬರೆದುಬಿಟ್ಟರೆ ಮುಂದೆ ಆದಾಯ ತೋರಿಸುವಾಗ ಕಷ್ಟ.

90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಎಂದು ಪೊಲೀಸರು ನಿಮಗೆ ತಿಳಿಸಬೇಕು. ಆರೋಪಿ ಪತ್ತೆಯಾಗದೆ ಕೇಸು ಮುಗಿಸಿದರೆ ನಿಮಗೆ ನೋಟೀಸ್ ಬರಬೇಕು, ಇಲ್ಲಿ ಅದಕ್ಕೆ ರೆಫರ್ ನೋಟೀಸ್ ಅನ್ನುವುದು ರೂಢಿ. ಅದನ್ನು ನೋಡಿ "ಎಲ್ಲ ಮುಗಿಯಿತು" ಅಂತ ಹರಿದು ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪರಿಹಾರದ ಅರ್ಜಿಗೆ ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಹಂತ 3: ನಿಮ್ಮ ಬಾಗಿಲು ಯಾವುದು

ಇದು ಸ್ವಲ್ಪ ಜಟಿಲ. ನಿಧಾನವಾಗಿ ಓದಿ.

ಆರೋಪಿ ಯಾರೆಂದು ಗೊತ್ತಾಗಿಲ್ಲ ಅಥವಾ ಪತ್ತೆಯಾಗಿಲ್ಲ, ವಿಚಾರಣೆಯೇ ನಡೆಯುವುದಿಲ್ಲ ಅಂತಾದರೆ ನೀವೇ ನೇರವಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ, ಅಂದರೆ ಡಿಎಲ್‌ಎಸ್‌ಎಗೆ, ಅರ್ಜಿ ಹಾಕಬಹುದು. 396ನೇ ಸೆಕ್ಷನ್ನಿನ 4ನೇ ಉಪವಿಭಾಗ ಇದಕ್ಕೆಂದೇ ಇದೆ. ಹಳೆಯ ಪ್ರಕರಣ ಅಂತ ಹಿಂಜರಿಯಬೇಡಿ. 2009ರ ಡಿಸೆಂಬರ್ 31ಕ್ಕಿಂತ ಮುಂಚಿನ ಅಪರಾಧಗಳಿಗೂ ಈ ಉಪವಿಭಾಗದಲ್ಲಿ ಪರಿಹಾರ ಕೇಳಬಹುದು ಎಂದು ಕೇರಳ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ.

ಕೇಸು ಕೋರ್ಟಿನಲ್ಲಿ ನಡೆದಿದೆ ಅಂತಾದರೆ ತೀರ್ಪಿನ ಹೊತ್ತಿಗೆ ನ್ಯಾಯಾಧೀಶರು ಡಿಎಲ್‌ಎಸ್‌ಎಗೆ ಶಿಫಾರಸು ಮಾಡಬಹುದು. ಆರೋಪಿ ಬಿಡುಗಡೆಯಾದರೂ, ನೊಂದವರಿಗೆ ಪುನರ್ವಸತಿ ಬೇಕು ಅನ್ನಿಸಿದರೆ ಶಿಫಾರಸು ಮಾಡಬಹುದು. ನ್ಯಾಯಾಧೀಶರಿಗೆ ತಾನಾಗಿ ನೆನಪಾಗುತ್ತದೆ ಅಂತ ನಂಬಿ ಕೂರುವುದು ಬೇಡ. ವಾದ ಮುಗಿಯುವ ಮೊದಲೇ ಸರ್ಕಾರಿ ವಕೀಲರ ಕೈಗೆ ಒಂದು ಅರ್ಜಿ ಕೊಡಿ: "ತೀರ್ಪಿನಲ್ಲಿ ಪರಿಹಾರದ ಶಿಫಾರಸು ಸೇರಿಸಬೇಕು." ಪರಿಹಾರದ ಪ್ರಶ್ನೆಯನ್ನು ಪ್ರತಿ ಕೋರ್ಟೂ ಮನಸ್ಸಿಟ್ಟು ನೋಡಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಅಂಕುಶ್ ಶಿವಾಜಿ ಗಾಯಕ್ವಾಡ್ ಪ್ರಕರಣದಲ್ಲಿ ಹೇಳಿತು. 2024ರ ನವೆಂಬರ್‌ನಲ್ಲಿ, ಹೆಂಗಸರು ಮತ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದಂಥ ಪ್ರಕರಣಗಳಲ್ಲಿ ಸೆಷನ್ಸ್ ಕೋರ್ಟುಗಳು ಪರಿಹಾರದ ಆದೇಶ ಮಾಡಬೇಕು ಎಂದು ಮತ್ತೆ ಹೇಳಿತು.

ಕೇಸು ಇನ್ನೂ ನಡೆಯುತ್ತಿದೆ, ಆದರೆ ಈಗಲೇ ಹಣ ಬೇಕು. ಹೆಚ್ಚಿನವರ ಪರಿಸ್ಥಿತಿ ಇದೇ. ಆಗ ಕೇಳಬೇಕಾದ್ದು ಮಧ್ಯಂತರ ಪರಿಹಾರ. ಡಿಎಲ್‌ಎಸ್‌ಎಗೆ ಆ ಅಧಿಕಾರ ಇದೆ. ಸುರೇಶ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಕೇಸಿನ ಯಾವ ಹಂತದಲ್ಲಾದರೂ ಅಗತ್ಯ ಕಂಡರೆ ಮಧ್ಯಂತರ ಪರಿಹಾರ ಕೊಡಬೇಕು ಎಂದಿದೆ.

ಹೆಂಗಸರಿಗೆ ದಾರಿ ಇನ್ನೂ ಸುಲಭ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ, ಅಂದರೆ ನಾಲ್ಸಾ, 2018ರಲ್ಲಿ ಲೈಂಗಿಕ ದೌರ್ಜನ್ಯ ಮತ್ತು ಇತರ ಅಪರಾಧಗಳಿಂದ ನೊಂದ ಮಹಿಳೆಯರಿಗೆ ಒಂದು ಯೋಜನೆ ಮಾಡಿತು. ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಅದನ್ನು ಒಪ್ಪಿತು. ಅದರ ಕೆಲವು ಮೊತ್ತಗಳು ಹೀಗಿವೆ: ಸಾವಿಗೆ 5ರಿಂದ 10 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ, ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಆಸಿಡ್‌ನಿಂದ ಮುಖ ವಿಕಾರವಾದರೆ 7ರಿಂದ 8 ಲಕ್ಷ. ನೊಂದವಳು 18 ತುಂಬದವಳಾದರೆ ಇದರ ಮೇಲೆ ಶೇ. 50 ಜಾಸ್ತಿ. ಆಸಿಡ್ ದಾಳಿಯಲ್ಲಿ 15 ದಿನದೊಳಗೆ 1 ಲಕ್ಷ, ಮುಂದಿನ ಎರಡು ತಿಂಗಳಲ್ಲಿ ಇನ್ನೂ 2 ಲಕ್ಷ ಕೈಗೆ ಬರಬೇಕು. ಇದು ಲಕ್ಷ್ಮಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಲೆಕ್ಕ.

ಮಗು ನೊಂದಿದ್ದರೆ ಪೋಕ್ಸೋ ವಿಶೇಷ ಕೋರ್ಟಿಗೆ ಹೋಗಿ. ಎಫ್‌ಐಆರ್ ಆದ ಮೇಲೆ ಯಾವಾಗ ಬೇಕಾದರೂ ಕೋರ್ಟ್ ಮಧ್ಯಂತರ ಪರಿಹಾರ ಕೊಡಬಹುದು, ಅರ್ಜಿ ಇಲ್ಲದೆಯೂ ಕೊಡಬಹುದು. ಆದೇಶ ತಲುಪಿದ 30 ದಿನದೊಳಗೆ ಸರ್ಕಾರ ಹಣ ಕೊಡಬೇಕು. ಊಟ, ಬಟ್ಟೆ, ಓಡಾಟದಂಥ ತಕ್ಷಣದ ಖರ್ಚಿಗೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದಲ್ಲಿ ಸಿಗಬೇಕು. ಈ ಒಂದು ವಾರದ ಸೌಲಭ್ಯ 2020ರ ನಿಯಮಗಳಲ್ಲಿದೆ. ಸಮಿತಿಯ ಮುಂದೆ ಹೋದಾಗ ಬಾಯಿಬಿಟ್ಟು ಕೇಳಿ.

ಹಂತ 4: ಕಾಗದ ಜೋಡಿಸುವುದು

ಗಾಯದ ಪ್ರಕರಣಕ್ಕೆ ಬೇಕಾದ್ದು: ಎಫ್‌ಐಆರ್, ವೂಂಡ್ ಸರ್ಟಿಫಿಕೇಟ್, ಡಿಸ್ಚಾರ್ಜ್ ಸಮ್ಮರಿ, ಬಿಲ್ಲುಗಳು, ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಆದಾಯ ಪ್ರಮಾಣಪತ್ರ. ಆದಾಯದ್ದನ್ನು ಅಕ್ಷಯ ಸೆಂಟರ್ ಮೂಲಕ ಅರ್ಜಿ ಹಾಕಿ ವಿಲೇಜ್ ಆಫೀಸಿನಿಂದ ಪಡೆಯುವುದು. ಕೈಕಾಲಿನ ಶಕ್ತಿ ಶಾಶ್ವತವಾಗಿ ಹೋಗಿದ್ದರೆ ಮೆಡಿಕಲ್ ಬೋರ್ಡಿನ ಅಂಗವೈಕಲ್ಯ ಪ್ರಮಾಣಪತ್ರ ಬೇಕು. ಅದರಲ್ಲಿರುವ ಶೇಕಡಾವಾರು ಮೊತ್ತವನ್ನೇ ಬದಲಿಸುತ್ತದೆ. ನಾಲ್ಸಾ ಯೋಜನೆಯಲ್ಲಿ ಶೇ. 40 ದಾಟಿದರೆ ಒಂದು ಮೆಟ್ಟಿಲು, ಶೇ. 80 ದಾಟಿದರೆ ಇನ್ನೊಂದು. ಗಾಯ ಪೂರ್ತಿ ನೆಲೆಗೆ ಬಂದ ಮೇಲೆ ಬೋರ್ಡಿಗೆ ಹೋಗುವುದು ಒಳ್ಳೆಯದು.

ಸಾವಿನ ಪ್ರಕರಣದಲ್ಲಿ ಪೋಸ್ಟ್‌ಮಾರ್ಟಂ ವರದಿ, ಮರಣ ಪ್ರಮಾಣಪತ್ರ, ವಾರಸು ಪ್ರಮಾಣಪತ್ರ ಸೇರುತ್ತವೆ. ವಾರಸಿನದ್ದು ತಹಶೀಲ್ದಾರ್ ಕೊಡುವುದು. ಗೆಜೆಟ್‌ನಲ್ಲಿ ಪ್ರಕಟಿಸಿ, ತಕರಾರು ಇದೆಯೇ ನೋಡಿ, ಆಮೇಲೆ ಕೊಡುವುದರಿಂದ ತಿಂಗಳುಗಳೇ ಹಿಡಿಯುತ್ತವೆ. ಹದಿಮೂರನೇ ದಿನ ಕಳೆದ ಕೂಡಲೇ ಅದಕ್ಕೆ ಅರ್ಜಿ ಹಾಕಿಬಿಡಿ. ಅದು ಬರುವ ತನಕ ಪರಿಹಾರದ ಅರ್ಜಿ ತಡೆಯಬೇಡಿ. "ವಾರಸು ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದೇವೆ, ರಸೀದಿ ಲಗತ್ತಿಸಿದೆ" ಅಂತ ಬರೆದು ಕೊಡಿ.

ಹೆಸರಿನ ಸ್ಪೆಲ್ಲಿಂಗ್ ನಮ್ಮ ಭಾಗದ ದೊಡ್ಡ ತಲೆನೋವು. ಶಾಲೆಯ ದಾಖಲೆ ಕನ್ನಡದಲ್ಲಿ, ರೇಷನ್ ಕಾರ್ಡ್ ಮಲಯಾಳದಲ್ಲಿ, ಆಧಾರ್ ಇಂಗ್ಲಿಷಿನಲ್ಲಿ. ಒಬ್ಬರೇ ಮೂರು ಹೆಸರಿನವರಾಗಿರುತ್ತಾರೆ. ಮನೆಹೆಸರು ಒಂದರಲ್ಲಿ ಇದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ವಿಲೇಜ್ ಆಫೀಸರಿಂದ "ಇಬ್ಬರೂ ಒಬ್ಬರೇ" ಎಂಬ ಪ್ರಮಾಣಪತ್ರ ಮೊದಲೇ ಪಡೆದಿಡಿ. ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ಅರ್ಜಿಯಲ್ಲಿ ಬರೆಯಿರಿ.

ಹಂತ 5: ಅರ್ಜಿ ಬರೆಯುವುದು, ಕನ್ನಡದಲ್ಲೇ

ಅರ್ಜಿ ಮಲಯಾಳದಲ್ಲೇ ಇರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಯಾವುದೇ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕೂಡ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಿ ಕಚೇರಿಗಳ ಜೊತೆ ವ್ಯವಹರಿಸಬಹುದು, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯಬಹುದು ಎನ್ನುತ್ತದೆ. ಹಕ್ಕು ಹಕ್ಕೇ. ಆದರೂ ಕೆಲಸ ಬೇಗ ಆಗಬೇಕಾದರೆ ಕನ್ನಡದ ಅರ್ಜಿಯ ಜೊತೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ಪುಟದ ಸಾರಾಂಶ ಇಟ್ಟರೆ ಒಳ್ಳೆಯದು. ಹೋರಾಟ ಬೇರೆ, ಆಸ್ಪತ್ರೆಯ ಸಾಲ ಬೇರೆ.

ಒಂದು ಮಾದರಿ ನೋಡಿ. ಎಲ್ಲವೂ ಕಲ್ಪಿತ.

"ಕಾರ್ಯದರ್ಶಿಯವರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಜಿಲ್ಲಾ ಕೋರ್ಟ್ ಸಂಕೀರ್ಣ, ವಿದ್ಯಾನಗರ, ಕಾಸರಗೋಡು. ವಿಷಯ: ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಸೆಕ್ಷನ್ ಪ್ರಕಾರ ಪರಿಹಾರ ಮತ್ತು ಮಧ್ಯಂತರ ಪರಿಹಾರಕ್ಕೆ ಅರ್ಜಿ. ನಾನು ಪೈವಳಿಕೆ ಗ್ರಾಮದಲ್ಲಿ ವಾಸವಿದ್ದು, ಅಡಿಕೆ ಕೊಯ್ಯುವ ಕೂಲಿ ಕೆಲಸ ಮಾಡಿಕೊಂಡಿದ್ದೇನೆ. ಇಂಥ ದಿನ, ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ ಗುರುತಿಲ್ಲದ ಇಬ್ಬರು ಕಬ್ಬಿಣದ ಸರಳಿನಿಂದ ನನಗೆ ಹೊಡೆದರು. ಇಂಥ ಪೊಲೀಸ್ ಸ್ಟೇಷನ್ನಿನಲ್ಲಿ ಇಂಥ ನಂಬರಿನ ಕೇಸು ದಾಖಲಾಗಿದೆ. ಬಲಗೈ ಮೂಳೆ ಮುರಿದು ಆಪರೇಷನ್ ಆಗಿದೆ. ಇಲ್ಲಿಯವರೆಗೆ ಆದ ಖರ್ಚು ಇಷ್ಟು, ಬಿಲ್ಲುಗಳನ್ನು ಲಗತ್ತಿಸಿದ್ದೇನೆ. ಮರ ಹತ್ತಲು ಆಗದೆ ಇಷ್ಟು ತಿಂಗಳಿಂದ ಕೂಲಿ ಇಲ್ಲ. ಮನೆಯಲ್ಲಿ ಹೆಂಡತಿ, ಓದುವ ಇಬ್ಬರು ಮಕ್ಕಳು, ವಯಸ್ಸಾದ ತಾಯಿ ನನ್ನನ್ನೇ ನಂಬಿದ್ದಾರೆ. ಬೇರೆ ಯಾವ ಯೋಜನೆಯಿಂದಲೂ ಈ ಘಟನೆಗೆ ಪರಿಹಾರ ಪಡೆದಿಲ್ಲ. ದಯವಿಟ್ಟು ವಿಚಾರಣೆ ನಡೆಸಿ ಪರಿಹಾರ ಮಂಜೂರು ಮಾಡಬೇಕು, ಅದುವರೆಗೆ ಚಿಕಿತ್ಸೆಗೆ ಮಧ್ಯಂತರ ಪರಿಹಾರ ಕೊಡಬೇಕು."

ಕೊನೆಯ ಮಾತಿಗಿಂತ ಮುಂಚಿನ ಸಾಲು ನೋಡಿ, ಬೇರೆ ಕಡೆಯಿಂದ ಪಡೆದಿಲ್ಲ ಅನ್ನುವುದು. ಇನ್ಶೂರೆನ್ಸ್ ಬಂದಿದ್ದರೆ, ಕೋರ್ಟ್ ದಂಡದಿಂದ ಕೊಡಿಸಿದ್ದರೆ ಅದನ್ನು ಇದ್ದ ಹಾಗೆ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹಣ ವಾಪಸ್ ಕಟ್ಟಬೇಕಾಗುತ್ತದೆ.

ಅರ್ಜಿ ಬರೆಯಲು ಆಗದಿದ್ದರೆ ವಿದ್ಯಾನಗರದ ಕಚೇರಿಗೆ, ಅಥವಾ ಕಾಸರಗೋಡು, ಹೊಸದುರ್ಗ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಅಲ್ಲಿನ ಪ್ಯಾರಾ ಲೀಗಲ್ ವಾಲಂಟಿಯರ್‌ಗಳು, ಅಂದರೆ ಕಾನೂನು ನೆರವಿನ ಸ್ವಯಂಸೇವಕರು, ಬರೆದುಕೊಡುತ್ತಾರೆ. ಫೋನಿನಲ್ಲಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ವರ್ಗದವರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಉಚಿತ. ಅರ್ಜಿಗೆ ಕೋರ್ಟ್ ಫೀಸು ಇಲ್ಲ. "ಹಣ ಬಂದಾಗ ಇಷ್ಟು ಪರ್ಸೆಂಟ್ ಕೊಟ್ಟರೆ ಸಾಕು" ಅಂತ ಮಾತು ಶುರು ಮಾಡುವವರಿಗೆ ದೂರದಿಂದಲೇ ನಮಸ್ಕಾರ ಹಾಕಿ.

ಕೊಟ್ಟ ಅರ್ಜಿಯ ಇನ್ನೊಂದು ಪ್ರತಿಯಲ್ಲಿ ಸೀಲು, ತಾರೀಖು ಹಾಕಿಸಿಕೊಳ್ಳಿ. ನಾಲ್ಸಾ ಯೋಜನೆಯಲ್ಲಿ ಅರ್ಜಿಗೆ ಮೂರು ವರ್ಷದ ಗಡುವಿದೆ, ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುತ್ತಾರೆ. ಆದರೆ ಗಡುವಿನ ತನಕ ಕಾಯುವುದು ಯಾಕೆ? ಆರು ತಿಂಗಳೊಳಗೆ ಹಾಕಿದ ಅರ್ಜಿಗೆ ಸಾಕ್ಷಿಗಳೂ ಸಿಗುತ್ತಾರೆ, ಬಿಲ್ಲುಗಳ ಅಕ್ಷರವೂ ಮಾಸಿರುವುದಿಲ್ಲ.

ಹಂತ 6: ವಿಚಾರಣೆ

ಡಿಎಲ್‌ಎಸ್‌ಎಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರು. ಕಾರ್ಯದರ್ಶಿಯೂ ನ್ಯಾಯಾಧೀಶರೇ. ಹಾಗಂತ ಹೆದರಬೇಕಾದ್ದಿಲ್ಲ, ಇದು ಕಟಕಟೆ ಹತ್ತುವ ವಿಚಾರಣೆ ಅಲ್ಲ. ಪೊಲೀಸರಿಂದ ವರದಿ ತರಿಸುತ್ತಾರೆ, ನಿಮ್ಮನ್ನು ಕರೆದು ಕೇಳುತ್ತಾರೆ. ಎರಡು ತಿಂಗಳಲ್ಲಿ ಮುಗಿಸಬೇಕು ಎಂದು ಕಾನೂನೇ ಹೇಳುತ್ತದೆ. ಪೊಲೀಸ್ ವರದಿ ತಡವಾಗುವುದೇ ಸಾಮಾನ್ಯವಾಗಿ ಅಡ್ಡಿ. ನೀವೇ ಸ್ಟೇಷನ್ನಿಗೆ ಹೋಗಿ "ಡಿಎಲ್‌ಎಸ್‌ಎಯ ಪತ್ರ ಬಂದಿದೆಯಾ" ಅಂತ ಕೇಳಿ.

ಈ ಹೊತ್ತಿಗೆ ಊರಿನಲ್ಲಿ ರಾಜಿ ಮಾತು ಶುರುವಾಗಿರುತ್ತದೆ. ಜಮಾತಿನವರು, ದೇವಸ್ಥಾನದ ಕಮಿಟಿಯವರು, ಪಕ್ಷದವರು ಯಾರಾದರೊಬ್ಬರು ಕವರಿನಲ್ಲಿ ಹಣ ತೋರಿಸಿ "ಇಲ್ಲಿಗೆ ಬಿಡಿ" ಅನ್ನುತ್ತಾರೆ. ಅತ್ಯಾಚಾರ, ಪೋಕ್ಸೋ, ಕೊಲೆಯತ್ನ ರಾಜಿಯಾಗುವ ಕೇಸುಗಳೇ ಅಲ್ಲ. ಕವರು ತೆಗೆದುಕೊಂಡು ಕೋರ್ಟಿನಲ್ಲಿ ಮಾತು ತಿರುಗಿಸಿದರೆ ಕೇಸೂ ಹೋಗುತ್ತದೆ, ಸರ್ಕಾರದ ಪರಿಹಾರಕ್ಕೂ ಕುತ್ತು. ಲೆಕ್ಕ ಹಾಕಿ ನೋಡಿದರೂ ಕವರಿನ ಹಣ ಪರಿಹಾರದ ಮೊತ್ತದ ಹತ್ತಿರ ಬರುವುದು ಅಪರೂಪ.

ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ನೊಂದವರ ಹೆಸರು ಎಲ್ಲೂ ಹೊರಗೆ ಬರಬಾರದು. ಹೆಸರು ಪ್ರಕಟಿಸುವುದೇ ಅಪರಾಧ. ವಾಟ್ಸಾಪ್ ಗುಂಪಿನಲ್ಲಿ "ಸಹಾಯ ಮಾಡಿ" ಅಂತ ಹಾಕುವುದಕ್ಕೂ ಇದು ಅನ್ವಯಿಸುತ್ತದೆ.

ಗಡಿಯ ಆಚೆ ನಡೆದರೆ

ನಮ್ಮ ಮಕ್ಕಳು ಮಂಗಳೂರಿನಲ್ಲಿ ಓದುತ್ತಾರೆ, ದೇರಳಕಟ್ಟೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಏನಾದರೂ ಆದರೆ ಪರಿಹಾರ ಕೇಳಬೇಕಾದ್ದು ಕರ್ನಾಟಕದ ಯೋಜನೆಯಲ್ಲಿ, ಮಂಗಳೂರಿನಲ್ಲಿರುವ ದಕ್ಷಿಣ ಕನ್ನಡ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಕರ್ನಾಟಕದ ಯೋಜನೆ 2011ರಿಂದ ಇದೆ. ಮನೆ ಕೇರಳದಲ್ಲಿದೆ ಎಂಬುದು ತೊಡಕಲ್ಲ, ಅಪರಾಧ ನಡೆದ ಜಾಗವೇ ಲೆಕ್ಕ. ದೂರನ್ನು ಮಾತ್ರ ಮಂಜೇಶ್ವರದಲ್ಲೇ ಜೀರೋ ಎಫ್‌ಐಆರ್ ಆಗಿ ಕೊಡಬಹುದು. ಯಾವ ಕಡೆಗೆ ಬರುತ್ತದೆ ಎಂಬುದೇ ಗೊಂದಲವಾದರೆ ಎರಡೂ ಕಡೆ ಕೇಳಿ, ಒಂದು ಕಡೆಯವರು ಇನ್ನೊಂದು ಕಡೆಗೆ ಕಳಿಸಿದರೆ ಅದನ್ನು ಬರೆದು ಕೊಡಲು ಹೇಳಿ.

ಬೇರೆ ದಾರಿಗಳೂ ಇವೆ

ಕೊರಗರು, ಮಾವಿಲರು, ಮೊಗೇರರಂಥ ಪರಿಶಿಷ್ಟ ಸಮುದಾಯದವರ ಮೇಲೆ ಬೇರೆಯವರು ದೌರ್ಜನ್ಯ ಮಾಡಿದರೆ ದೌರ್ಜನ್ಯ ತಡೆ ಕಾಯ್ದೆಯ ನಿಯಮಗಳಲ್ಲಿ ಪ್ರತ್ಯೇಕ ಪರಿಹಾರವಿದೆ. 2016ರ ತಿದ್ದುಪಡಿಯ ಪ್ರಕಾರ 85,000ದಿಂದ 8.25 ಲಕ್ಷ ರೂಪಾಯಿಯವರೆಗೆ. ಕೊಲೆಯಾದರೆ ಅರ್ಧ ಪೋಸ್ಟ್‌ಮಾರ್ಟಂ ಆದ ಮೇಲೆ, ಉಳಿದ ಅರ್ಧ ಚಾರ್ಜ್‌ಶೀಟ್ ಕೋರ್ಟಿಗೆ ಹೋದ ಮೇಲೆ. ತಕ್ಷಣದ ನೆರವು ಏಳು ದಿನದೊಳಗೆ ಕೊಡಬೇಕು. ಎಸ್‌ಟಿ ಪ್ರಮೋಟರ್ ಅಥವಾ ಟ್ರೈಬಲ್ ಎಕ್ಸ್‌ಟೆನ್ಶನ್ ಆಫೀಸರನ್ನು ಹಿಡಿಯಿರಿ. ಎಫ್‌ಐಆರ್‌ನಲ್ಲಿ ಆ ಕಾಯ್ದೆಯ ಸೆಕ್ಷನ್ ಹಾಕದಿದ್ದರೆ ಈ ಹಣ ಬರುವುದಿಲ್ಲ. ಅದನ್ನು ಮೊದಲ ದಿನವೇ ನೋಡಿಕೊಳ್ಳಬೇಕು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಗುದ್ದಿ ಓಡಿಹೋದ ಗಾಡಿಯಿಂದ ಸಾವಾದರೆ 2 ಲಕ್ಷ, ಗಂಭೀರ ಗಾಯವಾದರೆ 50,000 ರೂಪಾಯಿ. ಇದು 2022ರ ಏಪ್ರಿಲ್‌ನಿಂದ ಇರುವ ಕೇಂದ್ರದ ಯೋಜನೆ. ಅರ್ಜಿ ಕಂದಾಯ ಇಲಾಖೆಗೆ, ಆರ್‌ಡಿಒ ಕಚೇರಿಯಲ್ಲಿ ವಿಚಾರಿಸಿ. ಗಾಡಿ ಸಿಕ್ಕಿದರೆ ಮೋಟಾರ್ ಅಪಘಾತ ಟ್ರಿಬ್ಯೂನಲ್‌ನಲ್ಲಿ ಆರು ತಿಂಗಳೊಳಗೆ ಕೇಸು ಹಾಕಬೇಕು. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಮೊದಲ ಏಳು ದಿನ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯೂ ಇದೆ. ರೈಲಿನಲ್ಲಿ ದರೋಡೆಯಲ್ಲೋ ಹಲ್ಲೆಯಲ್ಲೋ ಸತ್ತರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ 8 ಲಕ್ಷ. ಟಿಕೆಟ್ ಜೋಪಾನ.

ಕೇರಳದ ಸಾಮಾಜಿಕ ನ್ಯಾಯ ಇಲಾಖೆಯ ಜಿಲ್ಲಾ ಪ್ರೊಬೇಷನ್ ಕಚೇರಿಯಲ್ಲಿ ಅಪರಾಧದಿಂದ ನೊಂದ ಕುಟುಂಬಕ್ಕೆ ಸ್ವಯಂ ಉದ್ಯೋಗದ ಧನಸಹಾಯ, ಮಕ್ಕಳ ಓದಿಗೆ ನೆರವು ಇದೆ. ಮೊತ್ತ ಸಣ್ಣದು, ಆದರೆ ಕೇಳುವವರು ಕಡಿಮೆ ಇರುವುದರಿಂದ ಒಮ್ಮೆ ಹೋಗಿ ನೋಡಬಹುದು. ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆಯಲ್ಲಿ ಆಶ್ವಾಸನಿಧಿ ಎಂಬ ತುರ್ತು ನೆರವಿದೆ. 181ಕ್ಕೆ ಫೋನ್ ಮಾಡಿ ವಿಚಾರಿಸಿ.

ಆದೇಶ ಬಂದ ಮೇಲೆ

ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ನಾಲ್ಸಾ ಯೋಜನೆಯಲ್ಲಿ ಶೇ. 25 ಕೈಗೆ, ಉಳಿದ ಶೇ. 75 ಕನಿಷ್ಠ ಮೂರು ವರ್ಷದ ಎಫ್‌ಡಿಯಲ್ಲಿ. ಮಗುವಿನದ್ದಾದರೆ ಶೇ. 80ರಷ್ಟು 18 ತುಂಬುವ ತನಕ ಎಫ್‌ಡಿಯಲ್ಲೇ. ಬಡ್ಡಿಯನ್ನು ತಿಂಗಳು ತಿಂಗಳು ಉಳಿತಾಯ ಖಾತೆಗೆ ಹಾಕಿಸಿಕೊಳ್ಳಬಹುದು. ಓದಿಗೋ ಚಿಕಿತ್ಸೆಗೋ ತುರ್ತು ಬಿದ್ದರೆ ಎಫ್‌ಡಿ ಮುರಿಯಲು ಡಿಎಲ್‌ಎಸ್‌ಎಗೆ ಅರ್ಜಿ ಕೊಡಬೇಕು, ಬ್ಯಾಂಕ್ ಮ್ಯಾನೇಜರನ್ನು ಬೈದು ಪ್ರಯೋಜನ ಇಲ್ಲ.

ಮೊತ್ತ ಕಡಿಮೆಯಾಯಿತು ಅನ್ನಿಸಿದರೆ ಅಥವಾ ಅರ್ಜಿ ತಳ್ಳಿಹಾಕಿದರೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಮೇಲ್ಮನವಿ ಹಾಕಬಹುದು. ಅದು ಎರ್ನಾಕುಲಂನ ಹೈಕೋರ್ಟ್ ಆವರಣದಲ್ಲಿರುವ ನಿಯಮ ಸಹಾಯ ಭವನದಲ್ಲಿದೆ. ಆದೇಶ ಕೈಗೆ ಬಂದ 30 ದಿನದೊಳಗೆ ಹಾಕಿಬಿಟ್ಟರೆ ಚಿಂತೆ ಇಲ್ಲ. ಅಷ್ಟು ದೂರ ಹೋಗಬೇಕೆಂದಿಲ್ಲ, ವಿದ್ಯಾನಗರದ ಕಚೇರಿಯ ಮೂಲಕವೇ ಕಳಿಸಲು ಕೇಳಿ. ಕ್ರಿಮಿನಲ್ ಕೋರ್ಟೇ ತೀರ್ಪಿನಲ್ಲಿ ಕಡಿಮೆ ಪರಿಹಾರ ಕೊಟ್ಟಿದ್ದರೆ ಅದರ ವಿರುದ್ಧ ನೊಂದವರೇ ಅಪೀಲು ಮಾಡಬಹುದು, ಸಂಹಿತೆಯ 413ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ.

ಆದೇಶ ಆಗಿಯೂ ಹಣ ಬರದೆ ತಿಂಗಳುಗಳು ಕಳೆಯುವುದೂ ಉಂಟು, ನಿಧಿ ಬಂದಿಲ್ಲ ಅನ್ನುತ್ತಾರೆ. ಮೊದಲು ಲಿಖಿತವಾಗಿ ಒಂದು ನೆನಪೋಲೆ ಕೊಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಮೂರು ಪ್ರಶ್ನೆ ಕೇಳಿ: ನನ್ನ ಆದೇಶ ಯಾವ ದಿನ ನಿಧಿ ಬಿಡುಗಡೆಗೆ ಹೋಯಿತು, ಈಗ ಯಾವ ಕಚೇರಿಯಲ್ಲಿದೆ, ನನಗಿಂತ ನಂತರದ ಆದೇಶಗಳಿಗೆ ಹಣ ಹೋಗಿದೆಯೇ. ಅರ್ಜಿಯ ಫೀಸು 10 ರೂಪಾಯಿ, ರೇಷನ್ ಕಾರ್ಡ್ ಬಿಪಿಎಲ್ ಆಗಿದ್ದರೆ ಅದೂ ಇಲ್ಲ. ಅದಕ್ಕೂ ಜಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅದಕ್ಕೂ ಕಾನೂನು ಸೇವೆಯ ಉಚಿತ ವಕೀಲರು ಸಿಗುತ್ತಾರೆ.